ಚೀನಾ ನೂಲು, ಜಿನೀವಾ ಕೋರ್ಟು, ನಮ್ಮ ಕಚ್ಚಾ ಚೀಟಿ: ವ್ಯಾಪಾರದ ನಿಯಮ ಮುರಿದಾಗ ಯಾವ ಬಾಗಿಲು ತಟ್ಟಬೇಕು?

ಹೋದ ತಿಂಗಳು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಒಬ್ಬರು ಭಾಯ್, ನಮ್ಮ ಹಾಗೇ ನಾಲ್ಕಾರು ಬೇಸಿನ್ ಇಟ್ಟುಕೊಂಡು ಗೂಡಿನಿಂದ ನೂಲು ತೆಗೆಯುವವರು. ಅವರು ಕೇಳಿದರು, "ಅಣ್ಣಾ, ಚೀನಾ ನೂಲು ಬಂದಾಗೆಲ್ಲ ನಮ್ಮ ರೇಟು ಬೀಳುತ್ತೆ. ಇದಕ್ಕೆಲ್ಲ ಫಾರಿನ್‌ನಲ್ಲಿ ಒಂದು ಕೋರ್ಟು ಇದೆಯಂತಲ್ಲ, ನಾವು ಅಲ್ಲಿ ಕೇಸು ಹಾಕೋಕಾಗಲ್ವಾ?"

ಆಗಲ್ಲ. ಆ ಕೋರ್ಟು ಅಂದರೆ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯದು, ಅಲ್ಲಿಗೆ ಹೋಗಲು ಸರ್ಕಾರಗಳಿಗೆ ಮಾತ್ರ ಹಕ್ಕು, ನಮಗೂ ನಿಮಗೂ ಇಲ್ಲ. ಸರ್ಕಾರ ಹೋದರೂ ಈಗ ಅಲ್ಲಿ ಅಪೀಲು ಕೇಳಲು ಒಬ್ಬ ಜಡ್ಜೂ ಇಲ್ಲ. ಅಷ್ಟು ಹೇಳಿ ಸುಮ್ಮನಾಗಿದ್ದರೆ ಭಾಯ್ ಟೀ ಲೋಟ ಇಟ್ಟು ಹೋಗಿಬಿಡುತ್ತಿದ್ದರು. ಆದರೆ ಜಿನೀವಾಕ್ಕೂ ಮುಂಚೆ ನಾಲ್ಕೈದು ಬಾಗಿಲುಗಳಿವೆ, ಅವು ನಮ್ಮಂಥವರಿಗೂ ತೆರೆಯುತ್ತವೆ, ತಟ್ಟುವವರೇ ಕಡಿಮೆ. ಅವತ್ತು ಅರ್ಧ ಗಂಟೆ ನಿಂತು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಜಾಸ್ತಿ ವಿವರವಾಗಿ ಬರೆಯುತ್ತಿದ್ದೇನೆ. ರೇಷ್ಮೆಯವರಿಗೆ ಮಾತ್ರ ಅಲ್ಲ, ಶ್ರೀನಿವಾಸಪುರದ ಮಾವಿನವರಿಗೆ, ತುಮಕೂರು ಕಡೆ ಮಿಡಿ ಸೌತೆ ಬೆಳೆಯುವವರಿಗೆ, ನಮ್ಮ ಗುಲಾಬಿ ಈರುಳ್ಳಿಯವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಇದೊಂದು ಗೊತ್ತಿರಲಿ: ಅಲ್ಲಿ ಪೊಲೀಸ್ ಇಲ್ಲ

ವಿಶ್ವ ವ್ಯಾಪಾರ ಸಂಸ್ಥೆ ಶುರುವಾದದ್ದು 1995ರ ಜನವರಿ 1ಕ್ಕೆ. ಅದಕ್ಕೂ ಮುಂಚೆ 1948ರಿಂದ ಗ್ಯಾಟ್ ಅನ್ನುವ ಸುಂಕ-ವ್ಯಾಪಾರದ ಒಪ್ಪಂದ ಇತ್ತು, ಅದರ ಮೊದಲ 23 ದೇಶಗಳಲ್ಲಿ ನಮ್ಮದೂ ಒಂದು. ಈಗ ಸದಸ್ಯರು 166. ಒಂದು ದೇಶ ನಿಯಮ ಮುರಿಯಿತು ಅಂತ ಇನ್ನೊಂದು ದೇಶ ದೂರು ಕೊಟ್ಟರೆ ಮೊದಲು 60 ದಿನ ಮಾತುಕತೆ. ಅದರಲ್ಲಿ ಬಗೆಹರಿಯದಿದ್ದರೆ ಮೂರು ಜನರ ಪ್ಯಾನೆಲ್. ಅದರ ತೀರ್ಪು ಒಪ್ಪದಿದ್ದರೆ ಅಪೀಲು. ಅಲ್ಲೂ ಸೋತರೆ ಸರಿ ಮಾಡಿಕೊಳ್ಳಲು ಸಾಮಾನ್ಯವಾಗಿ 15 ತಿಂಗಳವರೆಗೆ ಗಡುವು. ಆಮೇಲೂ ಸರಿ ಮಾಡದಿದ್ದರೆ? ಗೆದ್ದ ದೇಶ ಸೋತ ದೇಶದ ಮಾಲಿನ ಮೇಲೆ ಜಾಸ್ತಿ ಸುಂಕ ಹಾಕಬಹುದು. ಅಷ್ಟೇ. ದಂಡ ಇಲ್ಲ, ಜಪ್ತಿ ಇಲ್ಲ.

ಊರ ಪಂಚಾಯ್ತಿ ಕಟ್ಟೆ ನೆನಪಿಸಿಕೊಳ್ಳಿ. ಹಿರಿಯರು ತೀರ್ಪು ಕೊಡುತ್ತಾರೆ, ಒಪ್ಪದವನ ಜೊತೆ ಕೊಡು-ಕೊಳ್ಳೋದು ನಿಲ್ಲಿಸಿ ಅನ್ನುತ್ತಾರೆ. ಆದರೆ ಒಪ್ಪದವನು ಊರಿನ ದೊಡ್ಡ ಜಮೀನ್ದಾರ ಆಗಿದ್ದು, ಗೆದ್ದವನು ಅವನ ಹೊಲದಲ್ಲೇ ಕೂಲಿ ಮಾಡುವವನಾದರೆ ಏನು ನಿಲ್ಲಿಸುತ್ತಾನೆ ಹೇಳಿ.

ಇದು ಬರೀ ಮಾತಿಗೆ ಹೇಳಿದ್ದಲ್ಲ. ಆಂಟಿಗುವಾ ಅಂತ ಒಂದು ಪುಟ್ಟ ದ್ವೀಪ ದೇಶ ಇದೆ, ಜನಸಂಖ್ಯೆ ಸುಮಾರು 1 ಲಕ್ಷ. ಆನ್‌ಲೈನ್ ಜೂಜಿನ ವಿಷಯದಲ್ಲಿ ಅದು ಅಮೆರಿಕದ ಮೇಲೆ ಕೇಸು ಹಾಕಿ ಗೆದ್ದಿತು. ವರ್ಷಕ್ಕೆ 2.1 ಕೋಟಿ ಡಾಲರ್‌ನಷ್ಟು ಪ್ರತಿಕ್ರಮ ತೆಗೆದುಕೊಳ್ಳಬಹುದು ಅಂತ 2007ರಲ್ಲಿ ಆದೇಶವೂ ಬಂತು. ತೆಗೆದುಕೊಳ್ಳಲು ಆಗಲಿಲ್ಲ. ಆ ಪುಟ್ಟ ದ್ವೀಪ ಅಮೆರಿಕದ ಮಾಲಿಗೆ ಸುಂಕ ಏರಿಸಿದರೆ ಅಮೆರಿಕಕ್ಕೆ ಸೊಳ್ಳೆ ಕಚ್ಚಿದ ಹಾಗೂ ಆಗಲ್ಲ, ಅಲ್ಲಿನ ಜನಕ್ಕೆ ಅಕ್ಕಿ-ಬೇಳೆ ದುಬಾರಿ ಆಗುತ್ತದೆ.

ಬ್ರೆಜಿಲ್‌ನ ಕಥೆ ಇನ್ನೂ ಮಜವಾಗಿದೆ. ಅಮೆರಿಕ ತನ್ನ ಹತ್ತಿ ರೈತರಿಗೆ ಕೊಡುವ ಸಬ್ಸಿಡಿ ತಪ್ಪು ಅಂತ ಬ್ರೆಜಿಲ್ ಗೆದ್ದಿತು. ಅದು ಸುಂಕ ಹಾಕಲು ಸಿದ್ಧವಾದಾಗ ಅಮೆರಿಕ 2010ರಲ್ಲಿ ಏನು ಮಾಡಿತು ಗೊತ್ತಾ? ಸಬ್ಸಿಡಿ ನಿಲ್ಲಿಸಲಿಲ್ಲ, ವರ್ಷಕ್ಕೆ 14.73 ಕೋಟಿ ಡಾಲರ್ ಬ್ರೆಜಿಲ್‌ನ ಹತ್ತಿ ರೈತರಿಗೂ ಕೊಡುತ್ತೇವೆ ಅಂತ ಒಪ್ಪಿಕೊಂಡಿತು. 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು. ತಪ್ಪು ಮಾಡುತ್ತಲೇ ಇರಲು ಬಾಡಿಗೆ ಕೊಟ್ಟ ಹಾಗೆ.

ಇನ್ನೊಂದು ದೊಡ್ಡ ತೂತು: ಇಲ್ಲಿ ಹಿಂದಿನ ನಷ್ಟಕ್ಕೆ ಪರಿಹಾರ ಅನ್ನೋದೇ ಇಲ್ಲ. ಅಮೆರಿಕ 2002ರ ಮಾರ್ಚ್‌ನಲ್ಲಿ ಉಕ್ಕಿನ ಮೇಲೆ ಜಾಸ್ತಿ ಸುಂಕ ಹಾಕಿತು. 2003ರ ನವೆಂಬರ್‌ನಲ್ಲಿ ಅಂತಿಮವಾಗಿ ಸೋತಿತು. ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ನಡುವಿನ ಸುಮಾರು 20 ತಿಂಗಳಲ್ಲಿ ಬೇರೆ ದೇಶದ ಕಾರ್ಖಾನೆಗಳಿಗೆ ಆದ ನಷ್ಟ ಯಾರು ಕೊಟ್ಟರು? ಯಾರೂ ಕೊಡಲಿಲ್ಲ. ಗೊತ್ತಿದ್ದೇ ತಪ್ಪು ಮಾಡಿ, ಕೇಸು ಮುಗಿಯುವವರೆಗೂ ಲಾಭ ತಿಂದು, ಆಮೇಲೆ ಒಳ್ಳೆಯವರ ಹಾಗೆ ಹಿಂದೆ ಸರಿಯಬಹುದು.

ಆದ್ದರಿಂದ ಜಿನೀವಾ ನಮಗೆ ಕೊನೆಯ ಬಾಗಿಲು. ಈಗ ಹತ್ತಿರದವು.

ನಿಮ್ಮ ತೊಂದರೆ ಯಾವ ಥರದ್ದು ನೋಡಿಕೊಳ್ಳಿ

ಬೆಲೆ ಬಿದ್ದ ಕೂಡಲೇ "ಚೀನಾ ಮೋಸ" ಅನ್ನೋದು ನಮ್ಮ ಅಭ್ಯಾಸ, ನಾನೂ ಅಂದಿದ್ದೇನೆ. ಆದರೆ ಹೊರಗಿನವನು ಅಗ್ಗವಾಗಿ ಮಾರಿದರೆ ಅದೇ ತಪ್ಪಲ್ಲ. ಅವನ ಯಂತ್ರ ಚೆನ್ನಾಗಿದ್ದು, ಅವನ ಗೂಡು ದ್ವಿತಳಿ ಅನ್ನುವ ಒಳ್ಳೆ ಜಾತಿಯ ಹುಳದ್ದಾಗಿ ನೂಲು ಉದ್ದ ಬಂದು, ಹಾಗಾಗಿ ಖರ್ಚು ಕಡಿಮೆ ಆಗಿದ್ದರೆ ಯಾವ ಕಾನೂನೂ ನಮ್ಮನ್ನು ಕಾಪಾಡಲ್ಲ. ಕಾನೂನು ಹಿಡಿಯೋದು ಬೇರೆ ವಿಷಯಗಳನ್ನು. ತನ್ನ ದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ನಮ್ಮಲ್ಲಿಗೆ ಕಳಿಸಿದರೆ ಅದು ಡಂಪಿಂಗ್. ಅವನ ಸರ್ಕಾರ ಸಬ್ಸಿಡಿ ಕೊಟ್ಟು ಬೆಲೆ ಇಳಿಸಿದ್ದರೆ ಅದಕ್ಕೆ ಬೇರೆ ಸುಂಕ ಇದೆ. ಇದ್ದಕ್ಕಿದ್ದ ಹಾಗೆ ಆಮದು ನುಗ್ಗಿ ಬಂದರೆ ತಾತ್ಕಾಲಿಕ ರಕ್ಷಣಾ ಸುಂಕ. ಬಿಲ್ಲಿನಲ್ಲಿ ಬೆಲೆ ಕಡಿಮೆ ತೋರಿಸಿದ್ದರೆ, ಅಥವಾ ಚೀನಾ ಮಾಲಿಗೆ ಬೇರೆ ದೇಶದ ಹೆಸರು ಅಂಟಿಸಿದ್ದರೆ, ಅದು ನೇರವಾಗಿ ಕಸ್ಟಮ್ಸ್‌ನವರ ಕೆಲಸ.

ಯಾವುದು ಅಂತ ತಿಳಿಯಲು ಮನೆಯಲ್ಲೇ ಕೂತು ಮಾಡುವ ಒಂದು ಪರೀಕ್ಷೆ ಇದೆ. ಮೊದಲು ನಿಮ್ಮ ಮಾಲಿನ ಎಚ್‌ಎಸ್ ಕೋಡ್, ಅಂದರೆ ಆಮದು-ರಫ್ತಿನಲ್ಲಿ ಪ್ರತಿ ಮಾಲಿಗೂ ಇರುವ ಸಂಖ್ಯೆ, ಹುಡುಕಿ. ಗೂಡು 5001, ಕಚ್ಚಾ ರೇಷ್ಮೆ 5002, ಹುರಿ ಹಾಕಿದ ರೇಷ್ಮೆ ನೂಲು 5004, ಬಟ್ಟೆ 5007. ಈರುಳ್ಳಿಗೆ 070310, ಮಾವಿನ ಕೋಡು 080450ರಿಂದ ಶುರು. ಆಮೇಲೆ ಕೇಂದ್ರ ವಾಣಿಜ್ಯ ಇಲಾಖೆಯ ಆಮದು-ರಫ್ತು ಮಾಹಿತಿ ತಾಣಕ್ಕೆ ಹೋಗಿ, ಟ್ರೇಡ್‌ಸ್ಟಾಟ್ ಅಂತ ಹುಡುಕಿದರೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಕೋಡ್ ಹಾಕಿದರೆ ಯಾವ ದೇಶದಿಂದ ಎಷ್ಟು ಕೆಜಿ, ಎಷ್ಟು ಮೌಲ್ಯ ಅಂತ ಬರುತ್ತದೆ. ಮೌಲ್ಯವನ್ನು ಕೆಜಿಯಿಂದ ಭಾಗಿಸಿ. ಅದು ಬಂದರಿಗೆ ಬಂದ ಸರಾಸರಿ ಬೆಲೆ. ವರ್ಷ ವರ್ಷಕ್ಕೂ ಬರೆದಿಡಿ. ಪ್ರಮಾಣ ಏರುತ್ತಾ ಬೆಲೆ ಇಳಿಯುತ್ತಾ ಇದ್ದರೆ ಕೈಯಲ್ಲಿ ಒಂದು ಎಳೆ ಸಿಕ್ಕಿತು ಅಂತ. ಚೀನಾದಿಂದ ಕಡಿಮೆ ಆಗಿ, ರೇಷ್ಮೆ ಅಷ್ಟಾಗಿ ಬೆಳೆಯದ ಯಾವುದೋ ದೇಶದಿಂದ ದಿಢೀರ್ ಅಂತ ಜಾಸ್ತಿ ಆಗಿದ್ದರೆ ಅದು ಬೇರೆ ಎಳೆ.

ಆ ಎರಡನೇ ಎಳೆಗೆ ಮದ್ದು ಇದೆ. ದೇಶ-ದೇಶಗಳ ನಡುವಿನ ವ್ಯಾಪಾರ ಒಪ್ಪಂದದ ಲಾಭ ಪಡೆದು ಕಡಿಮೆ ಸುಂಕದಲ್ಲಿ ಮಾಲು ತರಿಸುವವನು, ಅದು ನಿಜವಾಗಿ ಆ ದೇಶದಲ್ಲೇ ತಯಾರಾಗಿದೆ ಅಂತ ತನ್ನ ಹತ್ತಿರ ದಾಖಲೆ ಇಟ್ಟಿರಬೇಕು, ಅಲ್ಲಿನ ಸರ್ಟಿಫಿಕೇಟ್ ಒಂದೇ ಸಾಲದು ಅನ್ನುವ ನಿಯಮ 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿದೆ. ಅನುಮಾನ ಇದ್ದರೆ ಕಸ್ಟಮ್ಸ್‌ಗೆ ಅಥವಾ ಕಳ್ಳಸಾಗಣೆ ಹಿಡಿಯುವ ಡಿಆರ್‌ಐಗೆ ಬರೆಯಬಹುದು. ಡಿಆರ್‌ಐ ಕಚೇರಿ ಬೆಂಗಳೂರಿನಲ್ಲೇ ಇದೆ, ಮಾಹಿತಿ ಕೊಟ್ಟವರ ಹೆಸರು ಗುಟ್ಟಾಗಿಡುತ್ತಾರೆ. ಆದರೆ "ಎಲ್ಲರೂ ಕಳ್ಳಮಾಲು ತರ್ತಾರೆ ಸಾರ್" ಅಂತ ಬರೆದರೆ ಪ್ರಯೋಜನ ಇಲ್ಲ. ಯಾವ ಬಂದರು, ಯಾವ ಕೋಡು, ಯಾವ ತಿಂಗಳು, ಎಷ್ಟು ಬೆಲೆ, ಇಷ್ಟು ಇರಬೇಕು.

ಡಂಪಿಂಗ್ ಅಂತ ಅನಿಸಿದರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಮ್ಮವರು ಜಾರಿ ಬೀಳೋದು ಇಲ್ಲೇ.

ದೆಹಲಿಯಲ್ಲಿ ವಾಣಿಜ್ಯ ಸಚಿವಾಲಯದ ಅಡಿಯಲ್ಲಿ ಡಿಜಿಟಿಆರ್ ಅಂತ ಒಂದು ಕಚೇರಿ ಇದೆ, 2018ರಲ್ಲಿ ಹಳೆಯ ಆ್ಯಂಟಿ ಡಂಪಿಂಗ್ ನಿರ್ದೇಶನಾಲಯವನ್ನು ಸೇರಿಸಿಕೊಂಡು ಆದದ್ದು. ಡಂಪಿಂಗ್ ದೂರನ್ನು ತನಿಖೆ ಮಾಡೋದು ಇವರೇ. ಇದು ಜಿನೀವಾ ನಿಯಮವನ್ನೇ ನಮ್ಮ ದೇಶದ ಒಳಗೆ ಜಾರಿ ಮಾಡುವ ಜಾಗ ಅಂದುಕೊಳ್ಳಿ. ಅರ್ಜಿ ಹಾಕಲು ಶುಲ್ಕ ಇಲ್ಲ. ಸಣ್ಣ ಉದ್ದಿಮೆಗಳಿಗೆ ಅಂತ ಸಹಾಯ ಕೇಂದ್ರವೂ ಇದೆ.

ಇದು ಆಗದ ಮಾತು ಅಂತ ಅಂದುಕೊಳ್ಳಬೇಡಿ. 2003ರಲ್ಲಿ ಚೀನಾದ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಬಂದಿತ್ತು. ಅದು ಬಂದದ್ದು ಇದೇ ದಾರಿಯಲ್ಲಿ.

ಲೆಕ್ಕ ಹೀಗೆ. ಉದಾಹರಣೆಗೆ ಹೊರಗಿನ ಗಿರಣಿ ತನ್ನ ಊರಲ್ಲಿ ಕೆಜಿ ನೂಲನ್ನು 5000 ರೂಪಾಯಿಗೆ ಮಾರುತ್ತದೆ, ನಮಗೆ 4000ಕ್ಕೆ ಕಳಿಸುತ್ತದೆ ಅಂತ ಇಟ್ಟುಕೊಳ್ಳಿ. ಆ 1000 ಡಂಪಿಂಗ್. ಆದರೆ ಅಷ್ಟೂ ಸುಂಕ ಬೀಳುತ್ತದೆ ಅಂತ ಇಲ್ಲ. ನಮಗೆ ಆಗುವ ಹೊಡೆತ ತಪ್ಪಿಸಲು 600 ಸಾಕು ಅಂತ ಲೆಕ್ಕ ಬಂದರೆ 600 ಮಾತ್ರ, ನಮ್ಮ ಕಾನೂನಿನಲ್ಲಿ ಎರಡರಲ್ಲಿ ಕಡಿಮೆ ಯಾವುದೋ ಅದು. ಡಂಪಿಂಗ್ ಶೇ 2ಕ್ಕಿಂತ ಕಡಿಮೆ ಇದ್ದರೆ ಕೇಸೇ ಬಿದ್ದುಹೋಗುತ್ತದೆ. ಸುಂಕ ಬಂದರೆ 5 ವರ್ಷ ಇರುತ್ತದೆ, ಮುಗಿಯುವ ಮುಂಚೆ ಮತ್ತೆ ಪರಿಶೀಲನೆ ಕೇಳಬೇಕು. ಕೇಳೋದು ಮರೆತರೆ ತಾನಾಗೇ ಹೋಗುತ್ತದೆ.

ಮೂರು ವಿಷಯ ಸಾಬೀತು ಮಾಡಬೇಕು: ಡಂಪಿಂಗ್ ಇದೆ, ನಮಗೆ ಪೆಟ್ಟಾಗಿದೆ, ಪೆಟ್ಟಾಗಿದ್ದು ಅದರಿಂದಲೇ. ಮೂರನೆಯದೇ ಕಷ್ಟ. ಮಳೆ ಇಲ್ಲದೆ ಸೊಪ್ಪು ಇಲ್ಲದ ವರ್ಷ ಗೂಡಿನ ಬೆಲೆ ಏರಿ ನೀವು ನಷ್ಟ ಮಾಡಿಕೊಂಡಿದ್ದರೆ ಅದನ್ನು ಚೀನಾ ತಲೆಗೆ ಕಟ್ಟಲು ಬಿಡಲ್ಲ.

ಇನ್ನು ಯಾರು ಅರ್ಜಿ ಹಾಕಬಹುದು? ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ ಶೇ 25ರಷ್ಟು ಮಾಡುವವರು ಜೊತೆಗಿರಬೇಕು, ಮತ್ತು ಬೇಡ ಅನ್ನುವ ಉತ್ಪಾದಕರಿಗಿಂತ ಬೇಕು ಅನ್ನುವವರ ಉತ್ಪಾದನೆ ಜಾಸ್ತಿ ಇರಬೇಕು. ಶಿಡ್ಲಘಟ್ಟ ಒಂದರಿಂದ ಆಗುವ ಮಾತಲ್ಲ. ರಾಮನಗರ, ಕೊಳ್ಳೇಗಾಲ, ದೇವನಹಳ್ಳಿ ಹತ್ತಿರದ ವಿಜಯಪುರ, ಆಚೆ ಹಿಂದೂಪುರದವರನ್ನೂ ಸೇರಿಸಿಕೊಳ್ಳಬೇಕು. ಸಂಘದ ಹೆಸರಿನಲ್ಲಿ ಹೋಗಬೇಕು. ಉತ್ಪಾದಕರು ಸಾವಿರಾರು ಜನ ಚದುರಿ ಹೋಗಿರುವ ಉದ್ದಿಮೆಗೆ ಡಿಜಿಟಿಆರ್ ಸ್ವಲ್ಪ ಸಡಿಲ ಕೊಡುತ್ತದೆ, ಎಲ್ಲರ ಲೆಕ್ಕ ಬೇಡ, ಆರಿಸಿದ ಕೆಲವರ ಲೆಕ್ಕ ನೋಡುತ್ತದೆ.

ಗೂಡು ಬೆಳೆಯುವ ರೈತರೇ ಹೋಗಬಹುದಲ್ಲ ಅಂತ ನೀವು ಕೇಳಬಹುದು. ಇಲ್ಲೊಂದು ಸೂಕ್ಷ್ಮ ಇದೆ. ಆಮದಾಗೋದು ನೂಲು, ಹಾಗಾಗಿ "ದೇಶೀಯ ಉದ್ದಿಮೆ" ಅಂದರೆ ನೂಲು ತೆಗೆಯುವವರು, ಗೂಡು ಬೆಳೆಯುವವರಲ್ಲ. 2001ರಲ್ಲಿ ಜಿನೀವಾದಲ್ಲಿ ಕುರಿ ಮಾಂಸದ ಕೇಸಿನಲ್ಲಿ ಇದೇ ಪ್ರಶ್ನೆ ಬಂದಿತ್ತು. ಆಮದಾಗೋದು ಮಾಂಸ, ಆದ್ದರಿಂದ ಕುರಿ ಸಾಕುವವರನ್ನು ಆ ಉದ್ದಿಮೆಯ ಲೆಕ್ಕಕ್ಕೆ ಸೇರಿಸಬೇಡಿ ಅಂತ ಅಮೆರಿಕಕ್ಕೆ ಹೇಳಿದರು. ನಮ್ಮಲ್ಲಿ ಪೆಟ್ಟು ಮೊದಲು ತಿನ್ನೋದು ಗೂಡು ಹೊತ್ತುಕೊಂಡು ಮಾರುಕಟ್ಟೆಗೆ ಬರುವ ರೈತ, ಆದರೆ ಕಾನೂನಿನ ಪ್ರಕಾರ ಅವನು ಬರೀ ಪ್ರೇಕ್ಷಕ. ಇದು ನನಗೆ ಅನ್ಯಾಯ ಅಂತಲೇ ಅನಿಸುತ್ತದೆ. ಏನೇ ಇರಲಿ, ಅರ್ಜಿಯಲ್ಲಿ ಹೆಸರು ನೂಲು ತೆಗೆಯುವ ರೀಲರ್‌ಗಳದ್ದು ಇರಬೇಕು.

ಈಗ ಬಂತು ನೋಡಿ ಕಚ್ಚಾ ಚೀಟಿ ಕಥೆ. ಡಿಜಿಟಿಆರ್ ಕೇಳೋದು ತನಿಖೆಯ ಒಂದು ವರ್ಷ ಮತ್ತು ಅದರ ಹಿಂದಿನ ಮೂರು ವರ್ಷದ ಲೆಕ್ಕ. ಎಷ್ಟು ಕೆಜಿ ತೆಗೆದಿರಿ, ಎಷ್ಟು ಮಾರಿದಿರಿ, ಯಾವ ಬೆಲೆಗೆ, ಖರ್ಚು ಎಷ್ಟು, ದಾಸ್ತಾನು ಎಷ್ಟು ಉಳಿಯಿತು, ಬೇಸಿನ್ ಎಷ್ಟು ದಿನ ಓಡಲಿಲ್ಲ, ಕೆಲಸದವರು ಎಷ್ಟು. ನಮ್ಮ ಅರ್ಧ ವ್ಯವಹಾರ ಎಲ್ಲಿದೆ? ಸಿಗರೇಟ್ ಪ್ಯಾಕಿನ ಹಿಂದೆ. ನಗದು ಕೊಟ್ಟು ನೂಲು ಒಯ್ಯುವ ವ್ಯಾಪಾರಿ ಬಿಲ್ಲು ಬೇಡ ಅನ್ನುತ್ತಾನೆ, ನಾವೂ ಸರಿ ಬಿಡು ಅನ್ನುತ್ತೇವೆ, ಎರಡು ರೂಪಾಯಿ ಉಳಿಯಿತು ಅಂತ ಖುಷಿ ಪಡುತ್ತೇವೆ. ಆಮೇಲೆ ನಷ್ಟ ಆಯಿತು ಅಂತ ಸಾಬೀತು ಮಾಡುವ ದಿನ ಬಂದಾಗ ಕೈ ಖಾಲಿ. ಒಂದು ಸಲ ನಮ್ಮ ಕಡೆಯವರು ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋಗಿದ್ದೆವು. ಅವರು ಮುಂಗಡ ಇಸ್ಕೊಂಡು, ಎರಡು ತಿಂಗಳು ಬಿಟ್ಟು, "ನಿಮ್ಮ ಹತ್ರ ಡೇಟಾ ಇಲ್ಲ, ಏನೂ ಮಾಡೋಕಾಗಲ್ಲ" ಅಂದರು. ಮುಂಗಡ ವಾಪಸು ಬರಲಿಲ್ಲ. ಆದರೆ ಅವರು ಹೇಳಿದ ಮಾತು ಸುಳ್ಳಲ್ಲ.

ಆದ್ದರಿಂದ ಇವತ್ತೇ ಮಾಡಬೇಕಾದ ಕೆಲಸ ಒಂದೇ: ಒಂದು ಉದ್ದದ ನೋಟ್ ಬುಕ್ ತಗೊಳ್ಳಿ. ಹರಾಜಿನಲ್ಲಿ ಕೊಂಡ ಗೂಡಿನ ರಸೀದಿ ಮಾರುಕಟ್ಟೆಯಿಂದಲೇ ಸಿಗುತ್ತದೆ, ಅದನ್ನು ಅಂಟಿಸಿ. ಪಕ್ಕದಲ್ಲಿ ಆ ಗೂಡಿನಿಂದ ಬಂದ ನೂಲಿನ ತೂಕ, ಕೂಲಿ, ಸೌದೆ, ಕರೆಂಟು. ಮಾರಿದ ಬೆಲೆಗೆ ಬಿಲ್ಲು. ಇಪ್ಪತ್ತು ಜನ ಹೀಗೆ ನಾಲ್ಕು ವರ್ಷ ಬರೆದರೆ ಅದು ದೆಹಲಿಗೆ ಹೋಗುವ ಅರ್ಜಿ. ಬರೆಯದಿದ್ದರೆ ತಾಲ್ಲೂಕು ಕಚೇರಿ ಮುಂದೆ ಕೂಗುವ ಘೋಷಣೆ.

ಅರ್ಜಿ ಸ್ವೀಕಾರ ಆದ ಮೇಲೆ ತನಿಖೆಗೆ ಒಂದು ವರ್ಷ, ಜಾಸ್ತಿ ಅಂದರೆ ಒಂದೂವರೆ. ಎದುರು ಪಕ್ಷದವರೂ ಬರುತ್ತಾರೆ: ಚೀನಾದ ರಫ್ತುದಾರರು, ಇಲ್ಲಿನ ಆಮದುದಾರರು, ಅಗ್ಗದ ನೂಲು ಬೇಕು ಅನ್ನುವ ನೇಕಾರರು. ನೇಕಾರರ ಮಾತನ್ನು ಹಗುರವಾಗಿ ತಗೋಬೇಡಿ, ಅವರೂ ಬಡವರೇ, ಅವರಿಗೂ ಹೊಟ್ಟೆ ಇದೆ. ಡಿಜಿಟಿಆರ್ ಸುಂಕ ಹಾಕಿ ಅಂತ ಶಿಫಾರಸು ಮಾಡುತ್ತದೆ, ಹಾಕೋದು ಬಿಡೋದು ಹಣಕಾಸು ಸಚಿವಾಲಯ. ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ಶಿಫಾರಸುಗಳನ್ನು ಅವರು ಒಪ್ಪಿಲ್ಲ. ಅಂದರೆ ಗೆದ್ದರೂ ಕೈಗೆ ಬರುವವರೆಗೆ ನಂಬಬೇಡಿ.

ಇನ್ನೊಂದು ಹತ್ತಿರದ ದಾರಿ ಮಾಮೂಲಿ ಕಸ್ಟಮ್ಸ್ ಸುಂಕ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆ ಸುಂಕ ಶೇ 30ರಿಂದ 5ಕ್ಕೆ ಇಳಿದಾಗ ನಮ್ಮ ಕಡೆ ಏನಾಯಿತು ಅಂತ ಆ ಕಾಲದಲ್ಲಿ ಗೂಡು ಬೆಳೆದವರನ್ನು ಕೇಳಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ಗಲಾಟೆ ಆಗಿ 2013ರಲ್ಲಿ 15ಕ್ಕೆ ಏರಿಸಿದರು. ಆಮೇಲೆ 10ಕ್ಕೆ ಇಳಿದು, 2021ರ ಬಜೆಟ್‌ನಲ್ಲಿ ಮತ್ತೆ 15. ಇದಕ್ಕೆ ತನಿಖೆ ಬೇಡ, ಡೇಟಾ ಬೇಡ, ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಒಪ್ಪಿಕೊಂಡ ಮಿತಿಯ ಒಳಗೆ ಸರ್ಕಾರ ತನಗೆ ಬೇಕಾದಂತೆ ಏರಿಸಬಹುದು. ಬಜೆಟ್‌ಗೆ ಮೂರ್ನಾಲ್ಕು ತಿಂಗಳ ಮುಂಚೆ, ಅಂದರೆ ಅಕ್ಟೋಬರ್ ಹೊತ್ತಿಗೆ, ಸಂಘದಿಂದ ಮನವಿ ಹೋಗಬೇಕು. ಜನವರಿ ಕೊನೆಯಲ್ಲಿ ಎಂಪಿ ಮನೆ ಮುಂದೆ ನಿಂತರೆ ಫೋಟೋ ಸಿಗುತ್ತದೆ.

ನಮ್ಮ ಮಾಲನ್ನೇ ಹೊರಗಿನವರು ವಾಪಸು ಕಳಿಸಿದರೆ

2014ರ ಮೇ 1ರಿಂದ ಯುರೋಪ್ ಒಕ್ಕೂಟ ನಮ್ಮ ದೇಶದ ಮಾವು ಮತ್ತು ನಾಲ್ಕು ತರಕಾರಿಗಳನ್ನು ನಿಷೇಧಿಸಿತು, ಹಣ್ಣಿನ ನೊಣ ಸಿಕ್ಕಿತು ಅಂತ. ನಮ್ಮ ಕಡೆಯ ಪ್ಯಾಕಿಂಗ್, ತಪಾಸಣೆ ಸುಧಾರಿಸಿದ ಮೇಲೆ 2015ರ ಜನವರಿಯಲ್ಲಿ ಮಾವಿಗೆ ತೆರವು ಸಿಕ್ಕಿತು. ಕೋರ್ಟು, ಕೇಸು ಏನೂ ಇಲ್ಲ. ಇದನ್ನು ಜ್ಞಾಪಕ ಇಟ್ಟುಕೊಳ್ಳಿ, ಯಾಕೆಂದರೆ ಆಹಾರದ ಮಾಲಿನ ಜಗಳ ಬಹುಪಾಲು ಹೀಗೇ ಮುಗಿಯೋದು.

ಮಿಡಿ ಸೌತೆ, ಅದೇ ಗರ್ಕಿನ್, ನಮ್ಮ ಊಟಕ್ಕೆ ಬಳಸದೇ ಬರೀ ಹೊರದೇಶಕ್ಕೆ ಅಂತಲೇ ಬೆಳೆಯುವ ಬೆಳೆ. ಅದರ ಮುಖ್ಯ ಭಯ ಔಷಧಿಯ ಉಳಿಕೆ. ಯುರೋಪ್‌ನಲ್ಲಿ ಪ್ರತ್ಯೇಕ ಮಿತಿ ಇಡದ ಔಷಧಿಗೆ ಮಿತಿ ಕೆಜಿಗೆ 0.01 ಮಿಲಿಗ್ರಾಂ. ಎಷ್ಟು ಅಂತ ಗೊತ್ತಾಗಬೇಕಾದರೆ ಹೀಗೆ ನೋಡಿ: ಹತ್ತು ಟನ್ನಿನ ಹತ್ತು ಲಾರಿ ಮಾಲಿನಲ್ಲಿ ಒಂದು ಗ್ರಾಂ. ಪಕ್ಕದ ಟೊಮೇಟೊ ತೋಟದಿಂದ ಗಾಳಿಗೆ ಹಾರಿ ಬಂದ ಔಷಧಿಯೇ ಸಾಕು.

ಇಂಥ ಮಿತಿ ಬದಲಾಯಿಸುವ ದೇಶ ಮುಂಚೆಯೇ ವಿಶ್ವ ವ್ಯಾಪಾರ ಸಂಸ್ಥೆಗೆ ತಿಳಿಸಬೇಕು, ಸಾಮಾನ್ಯವಾಗಿ 60 ದಿನ ಆಕ್ಷೇಪಣೆಗೆ ಬಿಡಬೇಕು. ಆ ಸೂಚನೆ ನಿಮ್ಮ ಮೊಬೈಲ್‌ಗೇ ಬರುವ ಹಾಗೆ ಮಾಡಿಕೊಳ್ಳಬಹುದು. ಇಪಿಂಗ್ ಅಂತ ಒಂದು ತಾಣ ಇದೆ, ಉಚಿತ. ನೋಂದಾಯಿಸಿ, ನಿಮ್ಮ ಮಾಲು ಮತ್ತು ನೀವು ಕಳಿಸುವ ದೇಶ ಆರಿಸಿದರೆ ಹೊಸ ನಿಯಮ ಬಂದಾಗ ಇಮೇಲ್ ಬರುತ್ತದೆ. ಇಂಗ್ಲಿಷ್‌ನಲ್ಲಿ ಇರುತ್ತದೆ, ಮನೆಯಲ್ಲಿ ಓದಿದ ಹುಡುಗಿ ಹುಡುಗರು ಇದ್ದಾರಲ್ವಾ, ಅವರಿಗೆ ಹೇಳಿ. ಆಕ್ಷೇಪಣೆಯನ್ನು ಕೃಷಿ ಮಾಲಿನ ರಫ್ತು ನೋಡಿಕೊಳ್ಳುವ ಅಪೇಡಾದ ಬೆಂಗಳೂರು ಕಚೇರಿಗೂ ದೆಹಲಿಯ ಕೃಷಿ ಇಲಾಖೆಗೂ ಗಡುವಿನ ಒಳಗೆ ಕಳಿಸಿ. ಅಲ್ಲಿಂದ ಅದು ಜಿನೀವಾದ ಸಮಿತಿಗೆ ಹೋಗಬಹುದು. ಆ ಸಮಿತಿ ವರ್ಷಕ್ಕೆ ಮೂರು ಸಲ ಸೇರುತ್ತದೆ, ಒಂದು ದೇಶ ಇನ್ನೊಂದನ್ನು ಎಲ್ಲರ ಎದುರು ನಿಲ್ಲಿಸಿ ಕೇಳುತ್ತದೆ: ಈ ಮಿತಿಗೆ ವೈಜ್ಞಾನಿಕ ಆಧಾರ ಎಲ್ಲಿ? 1995ರಿಂದ ಇಂಥ 500ಕ್ಕೂ ಜಾಸ್ತಿ ವಿಷಯಗಳು ಅಲ್ಲಿ ಬಂದಿವೆ. ಬಾಸ್ಮತಿ ಭತ್ತಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್ ಅನ್ನುವ ಔಷಧಿಯ ಮಿತಿಯನ್ನು ಯುರೋಪ್ ಇಳಿಸಿದಾಗ ನಮ್ಮ ಸರ್ಕಾರವೂ ಹೀಗೇ ಎತ್ತಿತ್ತು. ಎಲ್ಲ ಸಲ ಗೆಲ್ಲಲ್ಲ, ಆದರೆ ಗಡುವು ಮುಂದಕ್ಕೆ ಹೋಗುತ್ತದೆ, ಮಿತಿ ಸ್ವಲ್ಪ ಸಡಿಲ ಆಗುತ್ತದೆ. ಪೇಪರ್‌ನಲ್ಲಿ ಬರೋದು ಕೋರ್ಟಿನ ಸುದ್ದಿ, ಕೆಲಸ ಆಗೋದು ಜಾಸ್ತಿ ಈ ಸಮಿತಿಯಲ್ಲಿ.

ನಿಯಮ ಮುರಿದದ್ದು ನಮ್ಮವರೇ ಆದರೆ?

ಗುಲಾಬಿ ಈರುಳ್ಳಿ ಬೆಳೆಯುವವರಿಗೆ ಇದು ಹೊಸದಲ್ಲ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಆ ಸಣ್ಣ ಕೆಂಪು ಈರುಳ್ಳಿ ಇಲ್ಲಿ ಯಾರೂ ಅಷ್ಟಾಗಿ ತಿನ್ನಲ್ಲ, ಮಲೇಷ್ಯಾ, ಸಿಂಗಪುರಕ್ಕೆ ಹೋಗುತ್ತದೆ. 2015ರಲ್ಲಿ ಅದಕ್ಕೆ ಜಿಐ ಟ್ಯಾಗ್ ಕೂಡ ಬಂತು. ಆದರೆ ದೆಹಲಿಯಲ್ಲಿ ಈರುಳ್ಳಿ ದುಬಾರಿ ಆದಾಗೆಲ್ಲ ರಫ್ತು ನಿಷೇಧದ ಬಲೆಗೆ ಇದೂ ಬೀಳುತ್ತದೆ. 2019ರಲ್ಲಿ ನಿಷೇಧ ಆಗಿ ಒಂದು ತಿಂಗಳ ಮೇಲೆ 9000 ಟನ್‌ಗೆ ಬಿಟ್ಟರು. 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ, ಅಕ್ಟೋಬರ್‌ನಲ್ಲಿ 10,000 ಟನ್‌ಗೆ ಬಿಟ್ಟರು, ಅದೂ ಚೆನ್ನೈ ಬಂದರಿನಿಂದ ಮಾತ್ರ. 2023ರ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಈರುಳ್ಳಿ ನಿಷೇಧ.

ಗ್ಯಾಟ್‌ನ 11ನೇ ವಿಧಿ ರಫ್ತು ನಿಷೇಧ ಬೇಡ ಅನ್ನುತ್ತದೆ, ಆದರೆ ದೇಶದಲ್ಲಿ ಆಹಾರದ ತೀವ್ರ ಕೊರತೆ ಇದ್ದರೆ ತಾತ್ಕಾಲಿಕವಾಗಿ ಮಾಡಬಹುದು ಅಂತ ಬಾಗಿಲು ಇಟ್ಟಿದೆ. ನಮ್ಮ ಊರಲ್ಲಿ ತಿನ್ನದ ಈರುಳ್ಳಿಗೆ ಎಂಥ ಕೊರತೆ? ಮನವಿಯಲ್ಲಿ ಇದನ್ನೇ ಬರೆಯಿರಿ. ಮಾಲಿಗೆ ಪ್ರತ್ಯೇಕ ಕೋಡು ಕೊಡಿ, ತೋಟಗಾರಿಕೆ ಇಲಾಖೆಯ ಸರ್ಟಿಫಿಕೇಟ್ ಆಧಾರದ ಮೇಲೆ ಮೊದಲ ದಿನವೇ ವಿನಾಯ್ತಿ ಕೊಡಿ, ಒಂದು ತಿಂಗಳು ಕಳೆದ ಮೇಲೆ ಬೇಡ. ಈರುಳ್ಳಿ ಒಂದು ತಿಂಗಳು ಕಾಯಲ್ಲ, ಮೊಳಕೆ ಬರುತ್ತದೆ.

ಜಿನೀವಾ ಬಾಗಿಲು ಯಾಕೆ ಅರ್ಧ ಮುಚ್ಚಿದೆ, ಏನು ಕೇಳಬೇಕು

ಅಪೀಲು ಮಂಡಳಿಯಲ್ಲಿ ಏಳು ಜನ ಇರಬೇಕು, ಒಂದು ಕೇಸಿಗೆ ಮೂರು ಜನ. ಆ ಮಂಡಳಿ ತನ್ನ ಅಧಿಕಾರ ಮೀರುತ್ತಿದೆ ಅಂತ ಹೇಳಿ ಅಮೆರಿಕ 2017ರಿಂದ ಹೊಸಬರ ನೇಮಕಕ್ಕೆ ಅಡ್ಡ ನಿಂತಿದೆ. ಅಲ್ಲಿ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡ ಅಂದರೆ ಮುಗಿಯಿತು. 2019ರ ಡಿಸೆಂಬರ್ 10ಕ್ಕೆ ಒಬ್ಬರೇ ಉಳಿದರು, 2020ರ ನವೆಂಬರ್ ಕೊನೆಗೆ ಅವರೂ ಹೋದರು. 130 ದೇಶಗಳು ಸೇರಿ ನೇಮಕ ಶುರು ಮಾಡಿ ಅಂತ ತಿಂಗಳು ತಿಂಗಳೂ ಕೇಳುತ್ತಿವೆ. 2024ರೊಳಗೆ ಸರಿ ಮಾಡುತ್ತೇವೆ ಅಂತ 2022ರಲ್ಲಿ ಮಂತ್ರಿಗಳೆಲ್ಲ ಒಪ್ಪಿದ್ದರು. ಗ್ವಾಟೆಮಾಲಾದ ಪ್ರತಿನಿಧಿ ಮಾರ್ಕೊ ಮೊಲಿನಾ ಎಲ್ಲರನ್ನೂ ಕೂರಿಸಿ ಒಂದು ಕರಡು ತಂದರು, ಅಪೀಲಿನ ಭಾಗ ಮಾತ್ರ ಖಾಲಿ ಉಳಿಯಿತು. 2024 ದಾಟಿಹೋಯಿತು.

ಇದರಿಂದ ಆದ ಪರಿಣಾಮ: ಸೋತ ದೇಶ ಅಪೀಲು ಹಾಕುತ್ತದೆ, ಕೇಳುವವರಿಲ್ಲ, ತೀರ್ಪು ಅಲ್ಲೇ ತೂಗಾಡುತ್ತದೆ. ಇನ್ನೊಂದು ಉಕ್ಕಿನ ಸುಂಕದ ಕೇಸಿನಲ್ಲಿ 2022ರ ಡಿಸೆಂಬರ್‌ನಲ್ಲಿ ಸೋತ ಅಮೆರಿಕ ಹೀಗೇ ಮಾಡಿತು. ಅವರನ್ನು ಬೈಯುವ ಮುಂಚೆ ನಮ್ಮ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳೋಣ. ಸಕ್ಕರೆ ಸಬ್ಸಿಡಿ ಕೇಸಿನಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಎದುರು ನಾವು 2021ರ ಡಿಸೆಂಬರ್‌ನಲ್ಲಿ ಸೋತೆವು. ಅದೇ ತಿಂಗಳಲ್ಲೇ ಇಲ್ಲದ ಕೋರ್ಟಿಗೆ ಅಪೀಲು ಹಾಕಿದೆವು. ಮಂಡ್ಯದ ಕಬ್ಬಿನವರಿಗೆ ಅದು ಒಳ್ಳೆಯದೇ ಆಯಿತು ಅನ್ನಬಹುದು. ಆದರೆ ನಾಳೆ ನಮ್ಮ ರೇಷ್ಮೆ ಬಟ್ಟೆಗೆ ಯಾರೋ ಅನ್ಯಾಯ ಮಾಡಿದಾಗ ಅವರೂ ಇದೇ ಬಾಗಿಲಿನಿಂದ ತಪ್ಪಿಸಿಕೊಳ್ಳುತ್ತಾರೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿಗೆ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ನಾವು ಮಾತುಕತೆಯ ಮೇಜನ್ನೇ ನಂಬಬೇಕಾಯಿತು. ಮೇಜಿನಲ್ಲಿ ನಿಯಮಕ್ಕಿಂತ ತೋಳಿನ ಬಲ ಜಾಸ್ತಿ.

ಸುಧಾರಣೆ ಅಂದರೆ ಏನು ಕೇಳಬೇಕು? ನನ್ನ ಪ್ರಕಾರ ಬರೀ "ಹಳೇ ಅಪೀಲು ಮಂಡಳಿ ವಾಪಸು ಕೊಡಿ" ಅಂತ ಹಟ ಹಿಡಿದು ಕೂತರೆ ಇನ್ನೂ ಹತ್ತು ವರ್ಷ ಕೂತಿರುತ್ತೇವೆ. ಯುರೋಪ್ ಒಕ್ಕೂಟ, ಚೀನಾ, ಬ್ರೆಜಿಲ್, ಕೆನಡಾ, ಜಪಾನ್ ಎಲ್ಲ ಸೇರಿ ತಮ್ಮ ತಮ್ಮ ನಡುವೆ ಬೇರೆ ಅಪೀಲು ವ್ಯವಸ್ಥೆ ಮಾಡಿಕೊಂಡಿವೆ, 2020ರಿಂದ ಇದೆ. ಭಾರತ ಅದರಲ್ಲಿಲ್ಲ. ಸೇರಬೇಕು ಅಂತ ನನಗನಿಸುತ್ತದೆ, ಸಕ್ಕರೆಯಲ್ಲಿ ಸೋಲು ಒಪ್ಪಿಕೊಳ್ಳಬೇಕಾದರೂ ಸರಿ. ಸೇರಿದರೆ ಎಂಎಸ್‌ಪಿ, ಅಂದರೆ ಬೆಂಬಲ ಬೆಲೆ, ಅದರ ಮೇಲೆ ಕೇಸು ಬರುತ್ತದೆ ಅಂತ ಹೆದರುವವರೂ ಇದ್ದಾರೆ, ಆ ಭಯ ಸುಳ್ಳಲ್ಲ, ಹಾಗಾಗಿ ಜೊತೆಯಲ್ಲೇ ಸರ್ಕಾರ ಬೆಂಬಲ ಬೆಲೆಗೆ ಕೊಂಡಿಡುವ ಆಹಾರ ದಾಸ್ತಾನಿನ ವಿಷಯಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯ 2013ರ ಬಾಲಿ ಸಭೆಯಲ್ಲಿ ಸಿಕ್ಕ ತಾತ್ಕಾಲಿಕ ರಕ್ಷಣೆಯನ್ನು ಕಾಯಂ ಮಾಡಿಸಿಕೊಳ್ಳಬೇಕು.

ಎರಡನೆಯದು, ಹಿಂದಿನ ನಷ್ಟಕ್ಕೆ ಬೆಲೆ. ತೀರ್ಪು ಬಂದ ದಿನದಿಂದ ಅಲ್ಲ, ದೂರು ಕೊಟ್ಟ ದಿನದಿಂದ ಲೆಕ್ಕ ಹಾಕಿದರೆ ಕೇಸು ಎಳೆಯುವ ಚಟ ಅರ್ಧ ಹೋಗುತ್ತದೆ. ದೊಡ್ಡವರು ಸುಲಭಕ್ಕೆ ಒಪ್ಪಲ್ಲ, ಗೊತ್ತು.

ಮೂರನೆಯದು ನಮ್ಮ ಮನೆಯೊಳಗಿನದು, ಇದಕ್ಕೆ ಜಿನೀವಾದವರನ್ನು ಕೇಳಬೇಕಿಲ್ಲ. ಡಿಜಿಟಿಆರ್ ಶಿಫಾರಸನ್ನು ಹಣಕಾಸು ಸಚಿವಾಲಯ ತಳ್ಳಿಹಾಕಿದರೆ ಕಾರಣ ಬರೆದು ಹೊರಡಿಸಬೇಕು. ಗೂಡು ಬೆಳೆಯುವವನಿಗೂ ತನಿಖೆಯಲ್ಲಿ ಮಾತಾಡಲು ಜಾಗ ಕೊಡಬೇಕು. ಮತ್ತು ನಮ್ಮ ರೇಷ್ಮೆ ಇಲಾಖೆಯಲ್ಲಿ ಒಬ್ಬರು, ಒಬ್ಬರೇ ಸಾಕು, ಆಮದು ಬೆಲೆಯನ್ನು ತಿಂಗಳು ತಿಂಗಳು ಬರೆದು ಮಾರುಕಟ್ಟೆಯ ಬೋರ್ಡಿನಲ್ಲಿ ಹಾಕಬೇಕು, ಹರಾಜಿನ ದರದ ಪಕ್ಕದಲ್ಲೇ.

ಭಾಯ್ ಅವತ್ತು ಏನೂ ಹೇಳದೆ ಹೋದರು. ಹೋದ ಭಾನುವಾರ ಮನೆಗೆ ಬಂದರು, ಕೈಯಲ್ಲಿ ಒಂದು ಸಿಮೆಂಟ್ ಚೀಲ, ಒಳಗೆ ನಾಲ್ಕು ವರ್ಷದ ಚೀಟಿಗಳು. ನೆಲದ ಮೇಲೆ ಸುರಿದು ಇಬ್ಬರೂ ವಿಂಗಡಿಸಲು ಕೂತೆವು. ಮೊದಲ ವರ್ಷದ್ದನ್ನು ಅರ್ಧ ಇಲಿ ತಿಂದಿತ್ತು. ಎರಡನೇ ವರ್ಷದಿಂದ ಬರೆಯಲು ಶುರು ಮಾಡಿದ್ದೇವೆ.